ಚಳಿಗೆ ಗುಂಪುಗಟ್ಟುವ ಕೆಂಪು ಕಣಗಳು: ಗಿರಿಯ ತೋಟದ ಮಹಿಳೆಯೊಬ್ಬರ ಪ್ರಕರಣ ಅಧ್ಯಯನ

ರೋಗಿ 61 ವರ್ಷದ ಮಹಿಳೆ. ಚಿಕ್ಕಮಗಳೂರಿನಿಂದ ಕೈಮರ ದಾಟಿ ಬಾಬಾಬುಡನ್‌ಗಿರಿಯ ಕಡೆಗೆ ಏರುವ ದಾರಿಯ ಆಸುಪಾಸಿನ ಕಾಫಿ ತೋಟವೊಂದರ ಲೈನ್ ಮನೆಯಲ್ಲಿ ಮಗ ಮತ್ತು ಸೊಸೆಯ ಜೊತೆ ವಾಸವಾಗಿದ್ದಾರೆ. ಮದುವೆಯಾಗಿ ಬಂದ ದಿನದಿಂದ ಅವರದು ತೋಟದ ಕೆಲಸವೇ. ಅವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕಾಯಿಲೆಯ ಸ್ವರೂಪ, ಪರೀಕ್ಷೆಗಳ ಕ್ರಮ ಮತ್ತು ಚಿಕಿತ್ಸೆಯ ತರ್ಕವನ್ನು ಬದಲಿಸಿಲ್ಲ. ಹಾಸನದ ಪ್ರಯೋಗಾಲಯದಲ್ಲಿ ಅವರ ರಕ್ತವನ್ನು ಪರೀಕ್ಷಿಸಿದ ತಂಡದಲ್ಲಿ ನಾನೂ ಇದ್ದೆ. ಮಲೆನಾಡಿನ ತಾಲ್ಲೂಕು ಮಟ್ಟದ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರಿಗೆ ಕೋಲ್ಡ್ ಅಗ್ಲುಟಿನಿನ್ ಕಾಯಿಲೆಯ, ಅಂದರೆ ತಂಪಿನಲ್ಲಿ ಕೆಂಪು ಕಣಗಳು ಗುಂಪುಗಟ್ಟಿ ನಾಶವಾಗುವ ಕಾಯಿಲೆಯ ಈ ಪ್ರಕರಣದಿಂದ ನೇರವಾದ ಉಪಯೋಗವಿದೆ ಎಂಬ ನಂಬಿಕೆಯಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಡಿಸೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಜೋರಾಗಿ ನಡೆಯುತ್ತಿದ್ದಾಗ ಅವರಿಗೆ ವಿಪರೀತ ಸುಸ್ತು ಕಾಣಿಸಿಕೊಂಡಿತು. ಏರು ಹತ್ತಿದರೆ ಏದುಸಿರು ಬರುತ್ತಿತ್ತು, ಕಣ್ಣು ಹಳದಿಯಾಗಿತ್ತು, ಕೆಲವು ದಿನ ಬೆಳಗಿನ ಮೂತ್ರ ಕಡುಗಂದು ಬಣ್ಣಕ್ಕೆ ತಿರುಗುತ್ತಿತ್ತು. ಮನೆಯವರು ಅದನ್ನು ಅರಿಶಿನ ಕಾಮಾಲೆ ಎಂದೇ ತಿಳಿದರು. ಕಾಮಾಲೆ ಉಷ್ಣದಿಂದ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿರುವುದರಿಂದ ನೆಲನೆಲ್ಲಿಯ ರಸ, ತಣ್ಣನೆಯ ಮಜ್ಜಿಗೆ, ಎಳನೀರು, ಬೆಳಗಿನ ಜಾವ ತಣ್ಣೀರಿನ ತಲೆಸ್ನಾನ ಎಲ್ಲವೂ ನಡೆದವು. ಸುಸ್ತು ಮಾತ್ರ ದಿನದಿಂದ ದಿನಕ್ಕೆ ಹೆಚ್ಚಿತು. ಮನೆಯವರನ್ನು ಇದಕ್ಕಾಗಿ ದೂರುವಂತಿಲ್ಲ. ಹಳದಿ ಕಣ್ಣು ಕಂಡರೆ ಯಕೃತ್ತಿನ ಕಡೆಗೇ ಮನಸ್ಸು ಓಡುವುದು ಸಹಜ. ಬಹಳ ಸಲ ಅದು ಸರಿಯೂ ಹೌದು.

ಅವರು ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಕಡಿಮೆಯಿದೆ ಎಂದು ತಿಳಿಯಿತು. ಯಕೃತ್ತಿನ ಕಿಣ್ವಗಳು ಸಹಜವಾಗಿದ್ದವು. ಜ್ವರ ಇರಲಿಲ್ಲ, ಮಲೇರಿಯಾ, ಇಲಿಜ್ವರದ ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ಆ ಭಾಗದಲ್ಲಿ ಚಳಿಗಾಲದಿಂದ ಬೇಸಿಗೆಯವರೆಗೆ ಮಂಗನ ಕಾಯಿಲೆಯ ಭಯವೂ ಇರುತ್ತದೆ. ಆದರೆ ಅದರಲ್ಲಿ ಜ್ವರ, ತೀವ್ರ ಮೈಕೈ ನೋವು, ಪ್ಲೇಟ್‌ಲೆಟ್ ಮತ್ತು ಬಿಳಿ ಕಣಗಳ ಇಳಿಕೆ ಮುಖ್ಯ ಲಕ್ಷಣಗಳು. ಇವರಲ್ಲಿ ಅವಾವುವೂ ಇರಲಿಲ್ಲ. ಕೆಂಪು ಕಣಗಳ ಮೇಲೆ ಪ್ರತಿಕಾಯ ಅಂಟಿದೆಯೇ ಎಂದು ನೋಡುವ ಕೋಂಬ್ಸ್ ಪರೀಕ್ಷೆ ಮಾಡಿಸಿದಾಗ ಫಲಿತಾಂಶ ಪಾಸಿಟಿವ್ ಬಂತು. ಹಾಗಾಗಿ ದೇಹವೇ ತನ್ನ ಕೆಂಪು ಕಣಗಳನ್ನು ನಾಶ ಮಾಡುತ್ತಿದೆ ಎಂಬ ತೀರ್ಮಾನಕ್ಕೆ ಬಂದು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಗಳನ್ನು ಪೂರ್ಣ ಪ್ರಮಾಣದಲ್ಲಿ ಆರಂಭಿಸಿದರು. ಆ ತೀರ್ಮಾನ ಅಲ್ಲಿಯವರೆಗೆ ಸರಿಯಾಗಿತ್ತು. ಆದರೆ ಕಣಗಳ ಮೇಲೆ ಕುಳಿತಿರುವುದು ಯಾವ ಪ್ರತಿಕಾಯ, ಅದನ್ನು ತಯಾರಿಸುತ್ತಿರುವ ಜೀವಕೋಶ ಯಾವುದು ಎಂಬ ಪ್ರಶ್ನೆಗಳನ್ನು ಯಾರೂ ಕೇಳಲಿಲ್ಲ. ಮೂರು ವಾರಗಳ ನಂತರ ಹಿಮೋಗ್ಲೋಬಿನ್ ಏರಿರಲಿಲ್ಲ, ಹೊಸದಾಗಿ ರಕ್ತದಲ್ಲಿ ಸಕ್ಕರೆಯ ಅಂಶ ಏರಿತ್ತು. ಆ ಸ್ಥಿತಿಯಲ್ಲಿ ಅವರನ್ನು ಬೇಲೂರಿನ ಮೇಲೆ ಹಾಸನಕ್ಕೆ ಕರೆತಂದರು.

ಅವರ ರಕ್ತದ ಮಾದರಿ ಅವರಿಗಿಂತ ಮುಂಚೆಯೇ ನಮಗೆ ತಲುಪಿತ್ತು. ಚಿಕ್ಕಮಗಳೂರಿನ ಸಂಗ್ರಹ ಕೇಂದ್ರದಿಂದ ಐಸ್ ಪೆಟ್ಟಿಗೆಯಲ್ಲಿ ಬಂದ ನೇರಳೆ ಮುಚ್ಚಳದ, ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಕೊಳವೆಯನ್ನು ಬೆಳಕಿಗೆ ಹಿಡಿದು ಓರೆ ಮಾಡಿದಾಗ ರಕ್ತ ಗಾಜಿನ ಮೇಲೆ ಒಂದೇ ಸಮನಾಗಿ ಜಾರಬೇಕಿತ್ತು. ಬದಲಿಗೆ ಕೊಳವೆಯ ಒಳಗೋಡೆಯ ತುಂಬ ಕಡುಗೆಂಪಿನ ಸಣ್ಣ ಕಾಳುಗಳು ರವೆಯಂತೆ ಅಂಟಿಕೊಂಡು ನಿಂತವು. ಹೀಗೆ ಕಂಡಾಗ ಹೆಪ್ಪುಗಟ್ಟಿದೆ ಎಂದು ಮಾದರಿಯನ್ನು ತಿರಸ್ಕರಿಸಿ ಹೊಸದು ಕಳಿಸಿ ಎಂದು ಬರೆಯುವುದು ರೂಢಿ. ಹಿಂದಿನ ಕಡತದಲ್ಲಿ ಅಂಥ ಟಿಪ್ಪಣಿ ಒಂದಕ್ಕಿಂತ ಹೆಚ್ಚು ಸಲ ಇತ್ತು. ಆದರೆ ನಿಜವಾದ ಹೆಪ್ಪಿನಲ್ಲಿ ಫೈಬ್ರಿನ್ ಎಳೆಗಳಿರುತ್ತವೆ; ಕಡ್ಡಿಯಿಂದ ಎತ್ತಿದರೆ ಹೆಪ್ಪು ಒಟ್ಟಾಗಿ ಮೇಲೆ ಬರುತ್ತದೆ. ಇಲ್ಲಿ ಕಡ್ಡಿಗೆ ಏನೂ ಸಿಗಲಿಲ್ಲ.

ರಕ್ತಕಣ ಎಣಿಸುವ ಯಂತ್ರದ ವರದಿಯಲ್ಲಿ ಇದ್ದ ಅಂಕಿಗಳು ಹೀಗಿದ್ದವು: ಹಿಮೋಗ್ಲೋಬಿನ್ ಡೆಸಿಲೀಟರ್‌ಗೆ 5.8 ಗ್ರಾಂ, ಕೆಂಪು ಕಣಗಳು ಮೈಕ್ರೊಲೀಟರ್‌ಗೆ 9.2 ಲಕ್ಷ, ಹಿಮಾಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಶೇ 11.5, ಕಣದ ಸರಾಸರಿ ಗಾತ್ರ 125 ಫೆಮ್ಟೊಲೀಟರ್, ಎಂಸಿಎಚ್‌ಸಿ 50.4. ಈ ಕೊನೆಯ ಅಂಕಿಯ ಬಳಿ ಪರೀಕ್ಷಕರು ನಿಲ್ಲಬೇಕು. ಎಂಸಿಎಚ್‌ಸಿ ಎಂದರೆ ಕೆಂಪು ಕಣದೊಳಗೆ ಹಿಮೋಗ್ಲೋಬಿನ್ ಎಷ್ಟು ದಟ್ಟವಾಗಿದೆ ಎಂಬುದರ ಅಳತೆ. ಆರೋಗ್ಯವಂತರಲ್ಲಿ ಅದು ಸುಮಾರು 32ರಿಂದ 36ರೊಳಗೆ ಇರುತ್ತದೆ. ಗೋಳಾಕಾರದ ಕಣಗಳ ಕಾಯಿಲೆಯಲ್ಲಿ ತುಸು ಮೇಲೇರಬಹುದೇ ಹೊರತು 50 ಎಂಬುದು ಜೀವಂತ ಕಣದಲ್ಲಿ ಸಾಧ್ಯವೇ ಇಲ್ಲದ ಮಾತು. ಅಂದರೆ ಯಂತ್ರ ಕಣಗಳನ್ನು ಎಣಿಸುತ್ತಿರಲಿಲ್ಲ, ಕಣಗಳ ಗುಂಪುಗಳನ್ನು ಎಣಿಸುತ್ತಿತ್ತು. ಒಂದಕ್ಕೊಂದು ಅಂಟಿದ ಮೂರ್ನಾಲ್ಕು ಕಣಗಳು ಅದರ ಲೆಕ್ಕದಲ್ಲಿ ಒಂದೇ ದೊಡ್ಡ ಕಣ. ಇನ್ನೂ ದೊಡ್ಡ ಗುಂಪುಗಳು ಲೆಕ್ಕಕ್ಕೇ ಬರುವುದಿಲ್ಲ. ಹೀಗಾಗಿ ಎಣಿಕೆ ಮತ್ತು ಹಿಮಾಟೊಕ್ರಿಟ್ ಕುಸಿಯುತ್ತವೆ, ಗಾತ್ರ ಉಬ್ಬುತ್ತದೆ. ಹಿಮೋಗ್ಲೋಬಿನ್ ಅಳೆಯುವಾಗ ಮಾತ್ರ ಎಲ್ಲ ಕಣಗಳನ್ನೂ ರಾಸಾಯನಿಕದಿಂದ ಒಡೆದೇ ಅಳೆಯುವುದರಿಂದ ಆ ಒಂದು ಅಂಕಿ ಸರಿಯಾಗಿಯೇ ಇರುತ್ತದೆ.

ಅದೇ ಕೊಳವೆಯನ್ನು 37 ಡಿಗ್ರಿ ಸೆಲ್ಸಿಯಸ್‌ನ ನೀರಿನ ತೊಟ್ಟಿಯಲ್ಲಿ ಇಟ್ಟು, ಹೊರತೆಗೆದ ಕೂಡಲೇ ಮೆಲ್ಲಗೆ ತಿರುಗಿಸಿ ಯಂತ್ರಕ್ಕೆ ಕೊಟ್ಟಾಗ ಹಿಮೋಗ್ಲೋಬಿನ್ 5.8ರಲ್ಲೇ ನಿಂತಿತು. ಕೆಂಪು ಕಣಗಳು 18 ಲಕ್ಷಕ್ಕೆ, ಹಿಮಾಟೊಕ್ರಿಟ್ 17.6ಕ್ಕೆ ಏರಿದವು. ಗಾತ್ರ 98ಕ್ಕೆ, ಎಂಸಿಎಚ್‌ಸಿ 33ಕ್ಕೆ ಬಂದವು. ಗೋಡೆಯ ಮೇಲಿನ ಕಾಳುಗಳು ಕಣ್ಣೆದುರೇ ಕರಗಿ ಹೋಗಿದ್ದವು. ಕೊಳವೆಯನ್ನು ಮತ್ತೆ ಮೇಜಿನ ಮೇಲೆ ಇಟ್ಟಾಗ, ಆ ದಿನ ಕೋಣೆಯ ಚಳಿಯಲ್ಲಿ, ಅವು ತಿರುಗಿ ಮೂಡಿದವು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಣಗಳು ನಾಣ್ಯದ ಅಡುಕಿನ ಕ್ರಮದಲ್ಲಿ ಸಾಲಾಗಿರದೆ ಅಡ್ಡಾದಿಡ್ಡಿಯಾಗಿ ಗುಂಪುಗಟ್ಟಿದ್ದವು. ಈ ವ್ಯತ್ಯಾಸ ಮುಖ್ಯ. ರಕ್ತದಲ್ಲಿ ಪ್ರೋಟೀನ್ ಹೆಚ್ಚಾದಾಗ ಕಾಣುವ ಸಾಲು ಬೇರೆ. ಪ್ರತಿಕಾಯ ಕಣವನ್ನು ಕಣಕ್ಕೆ ಕಟ್ಟಿದಾಗ ಆಗುವ ಗುಂಪು ಬೇರೆ. ಈ ಹೆಜ್ಜೆಗೆ ದುಬಾರಿ ಸಲಕರಣೆ ಯಾವುದೂ ಬೇಡ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ನೀರಿನ ತೊಟ್ಟಿ ಇಲ್ಲದ ಕಡೆ ಉಷ್ಣಮಾಪಕ ಇಟ್ಟು ನೋಡಿಕೊಂಡ ಬೆಚ್ಚಗಿನ ನೀರಿನ ಲೋಟವೂ ಸಾಕು.

ರೋಗಿ ಬಂದ ಮೇಲೆ ಮತ್ತೆ ಮೊದಲಿನಿಂದ ವಿಚಾರಿಸಿದಾಗ ಹಿಂದಿನ ಕಡತದಲ್ಲಿ ಎಲ್ಲೂ ಇಲ್ಲದ ಸಂಗತಿ ಹೊರಬಂತು. ಕೈ ಹೇಗಿದೆ ಅಮ್ಮ ಎಂದು ಕೇಳಿದ್ದಕ್ಕೆ ಅವರು, "ಎರಡು ವರ್ಷದಿಂದ ಇದೇ ಗೋಳು ಸಾರ್, ಇಬ್ಬನಿ ಗಿಡ ಮುಟ್ಟಿದ್ರೆ ಬೆರಳೆಲ್ಲ ನೀಲಿಗಟ್ಟಿ ಸತ್ತಂಗಾಗ್ತಾವೆ, ಒಲೆ ಮುಂದೆ ಕೂತ್ರೆ ಸರಿಹೋಗ್ತದೆ" ಎಂದರು. ಸೊಸೆ, "ಅತ್ತೆಯ ಕಿವಿ ತುದೀನೂ ಹಂಗೇ ಆಗುತ್ತೆ" ಎಂದು ಸೇರಿಸಿದರು. ಚಳಿಗೆ ಬೆರಳು ಮೊದಲು ಬಿಳಿಚಿ, ನಂತರ ನೀಲಿಯಾಗಿ, ಕೊನೆಗೆ ಕೆಂಪಾಗುವ ಕಾಯಿಲೆಯಲ್ಲಿ ರಕ್ತನಾಳವೇ ಸೆಟೆದುಕೊಂಡಿರುತ್ತದೆ. ಇವರಲ್ಲಿ ಬಿಳಿಚುವ ಹಂತ ಇರಲೇ ಇಲ್ಲ. ನಾಳ ತೆರೆದೇ ಇದ್ದು, ಅದರೊಳಗೆ ಕಣಗಳು ಗುಂಪುಗಟ್ಟಿ ಹರಿವು ನಿಧಾನವಾಗಿತ್ತು. ದುಗ್ಧರಸದ ಗಂಟುಗಳು ಎಲ್ಲೂ ಊದಿರಲಿಲ್ಲ, ಗುಲ್ಮ (ಸ್ಪ್ಲೀನ್) ಕೈಗೆ ಸ್ವಲ್ಪ ಮಾತ್ರ ತಾಗುತ್ತಿತ್ತು.

ಉಳಿದ ಪರೀಕ್ಷೆಗಳು ಕಣಗಳ ನಾಶವನ್ನು ದೃಢಪಡಿಸಿದವು. ರೆಟಿಕ್ಯುಲೊಸೈಟ್ (ಹೊಸದಾಗಿ ಬಂದ ಎಳೆಯ ಕೆಂಪು ಕಣಗಳು) ಶೇ 9, ಒಟ್ಟು ಬಿಲಿರುಬಿನ್ 3.6 ಮಿಲಿಗ್ರಾಂ ಮತ್ತು ಅದರಲ್ಲಿ ಬಹುಪಾಲು ಪರೋಕ್ಷ ಬಗೆಯದು, ಎಲ್‌ಡಿಎಚ್ 780, ಸೋರಿದ ಹಿಮೋಗ್ಲೋಬಿನ್ ಅನ್ನು ಹಿಡಿಯುವ ಹ್ಯಾಪ್ಟೊಗ್ಲೋಬಿನ್ ಪ್ರೋಟೀನ್ ಅಳತೆಗೆ ಸಿಗದಷ್ಟು ಕಡಿಮೆ. ಬಿಳಿ ಕಣ ಮತ್ತು ಪ್ಲೇಟ್‌ಲೆಟ್ ಸಹಜವಾಗಿದ್ದವು. ಪ್ಲೇಟ್‌ಲೆಟ್ ಸಹ ಪ್ರತಿಕಾಯದ ದಾಳಿಗೆ ಸಿಕ್ಕಿ ಇಳಿದಿದ್ದರೆ ಇವಾನ್ಸ್ ಸಿಂಡ್ರೋಮ್ ಎಂಬ ಜೋಡಿ ಕಾಯಿಲೆಯ ಕಡೆಗೆ ಯೋಚಿಸಬೇಕಾಗುತ್ತಿತ್ತು.

ಈಗ ಕೋಂಬ್ಸ್ ಪರೀಕ್ಷೆಯ ವಿಷಯಕ್ಕೆ ಬರಬೇಕು. ಏಕೆಂದರೆ ಈ ಪ್ರಕರಣದ ತಿರುವು ಇರುವುದು ಅಲ್ಲಿಯೇ. 1945ರಲ್ಲಿ ಕೇಂಬ್ರಿಡ್ಜ್‌ನ ರಾಬಿನ್ ಕೋಂಬ್ಸ್, ಮೌರಂಟ್ ಮತ್ತು ರೇಸ್ ಅವರೊಂದಿಗೆ ಪ್ರಕಟಿಸಿದ ಈ ವಿಧಾನದ ತತ್ವ ಸರಳವಾಗಿದೆ. ಕೆಂಪು ಕಣದ ಮೇಲೆ ಮನುಷ್ಯನ ಪ್ರತಿಕಾಯ ಅಥವಾ ಕಾಂಪ್ಲಿಮೆಂಟ್ ಪ್ರೋಟೀನ್ (ಪ್ರತಿಕಾಯದ ಜೊತೆಗೂಡಿ ಸರಣಿಯಾಗಿ ದಾಳಿ ಮಾಡುವ ರಕ್ತದ ಪ್ರೋಟೀನ್) ಅಂಟಿಕೊಂಡಿದ್ದರೆ, ಅದನ್ನು ಹಿಡಿಯುವ ಮತ್ತೊಂದು ಪ್ರತಿಕಾಯವನ್ನು ಸೇರಿಸಿದಾಗ ಕಣಗಳು ಒಂದಕ್ಕೊಂದು ಕಟ್ಟಿಕೊಳ್ಳುತ್ತವೆ. ಸಾಮಾನ್ಯವಾಗಿ ಬಳಸುವ ಕಾರಕದಲ್ಲಿ ಐಜಿಜಿ ಎಂಬ ಬಗೆಯ ಪ್ರತಿಕಾಯವನ್ನು ಹಿಡಿಯುವುದೂ ಸಿ3ಡಿ ಎಂಬ ಕಾಂಪ್ಲಿಮೆಂಟ್ ತುಣುಕನ್ನು ಹಿಡಿಯುವುದೂ ಬೆರೆತೇ ಇರುತ್ತವೆ. ಆದ್ದರಿಂದ ಬರೀ "ಪಾಸಿಟಿವ್" ಎಂಬ ಉತ್ತರ ಕಣದ ಮೇಲೆ ಏನೋ ಇದೆ ಎಂದಷ್ಟೇ ಹೇಳುತ್ತದೆ. ನಾವು ಬೆಚ್ಚಗಿನ ಸಲೈನ್‌ನಲ್ಲಿ ಕಣಗಳನ್ನು ತೊಳೆದು, ಎರಡು ಕಾರಕಗಳನ್ನೂ ಬೇರೆ ಬೇರೆಯಾಗಿ ಹಾಕಿ ನೋಡಿದೆವು. ಸಿ3ಡಿಗೆ ಮೂರು ಪ್ಲಸ್, ಐಜಿಜಿಗೆ ನೆಗೆಟಿವ್. ಈ ಒಂದು ಸಾಲು ಸ್ಟೀರಾಯ್ಡ್ ಏಕೆ ಕೆಲಸ ಮಾಡಲಿಲ್ಲ ಎಂಬುದನ್ನು ವಿವರಿಸಿತು.

ಸ್ವಯಂಪ್ರತಿರೋಧಕ ರಕ್ತನಾಶದಲ್ಲಿ ಹೆಚ್ಚಿನವರದು ಬೆಚ್ಚಗಿನ ಬಗೆ. ಅದರಲ್ಲಿ ಐಜಿಜಿ ಪ್ರತಿಕಾಯ ದೇಹದ ಸಹಜ ಉಷ್ಣತೆಯಲ್ಲೇ ಕಣಕ್ಕೆ ಅಂಟುತ್ತದೆ. ಗುಲ್ಮದಲ್ಲಿರುವ, ಕಣಗಳನ್ನು ನುಂಗುವ ಮ್ಯಾಕ್ರೊಫೇಜ್‌ಗಳು ಆ ಐಜಿಜಿಯ ಬಾಲವನ್ನು ಹಿಡಿದು ಕಣದ ಹೊರಪೊರೆಯನ್ನು ಅಷ್ಟಷ್ಟೇ ಕಚ್ಚಿ ತೆಗೆಯುತ್ತವೆ. ಉಳಿದ ಕಣ ಗೋಳಾಕಾರಕ್ಕೆ ತಿರುಗಿ ಬೇಗ ಸಾಯುತ್ತದೆ. ಅಲ್ಲಿ ಸ್ಟೀರಾಯ್ಡ್ ಬಹುಪಾಲು ರೋಗಿಗಳಿಗೆ ಫಲ ಕೊಡುತ್ತದೆ, ಗುಲ್ಮ ತೆಗೆಯುವ ಶಸ್ತ್ರಚಿಕಿತ್ಸೆಗೂ ಅರ್ಥವಿದೆ.

ನಮ್ಮ ರೋಗಿಯದು ಬೇರೆಯೇ ದಾರಿ. ಇವರ ಪ್ರತಿಕಾಯ ಐಜಿಎಂ ಎಂಬ ಇನ್ನೊಂದು ಬಗೆಯದು. ಐದು ಘಟಕಗಳು ಸೇರಿದ, ಹತ್ತು ಹಿಡಿಕೆಗಳಿರುವ ದೊಡ್ಡ ಅಣು ಇದು. ಒಂದೇ ಅಣು ದೂರದೂರದ ಕಣಗಳನ್ನು ಒಟ್ಟಿಗೆ ಹಿಡಿಯಬಲ್ಲದು. ಇದು ಕಣಕ್ಕೆ ಅಂಟುವುದು ತಂಪಿನಲ್ಲಿ ಮಾತ್ರ. ಚಳಿಯ ಬೆಳಗಿನಲ್ಲಿ ಬೆರಳ ತುದಿ, ಮೂಗು, ಕಿವಿಗಳ ಚರ್ಮದ ಉಷ್ಣತೆ 30 ಡಿಗ್ರಿಗಿಂತ ಕೆಳಗಿಳಿಯುತ್ತದೆ. ರಕ್ತ ಅಲ್ಲಿ ಹರಿಯುವ ಆ ಕೆಲವು ಕ್ಷಣಗಳಲ್ಲಿ ಐಜಿಎಂ ಕಣವನ್ನು ಹಿಡಿಯುತ್ತದೆ, ಹಿಡಿದ ಕೂಡಲೇ ಸಿ1 ಎಂಬ ಕಾಂಪ್ಲಿಮೆಂಟ್ ಪ್ರೋಟೀನನ್ನು ಎಚ್ಚರಿಸುತ್ತದೆ. ಅದು ಸಿ4 ಮತ್ತು ಸಿ2 ಅನ್ನು ಕತ್ತರಿಸಿ, ಅವುಗಳ ತುಂಡುಗಳಿಂದ ಹುಟ್ಟಿದ ಕಿಣ್ವ ಸಿ3ಯನ್ನು ಸೀಳಿ, ಸಿ3ಬಿ ತುಣುಕುಗಳನ್ನು ಕಣದ ಮೈಮೇಲೆ ಶಾಶ್ವತವಾಗಿ ನೆಡುತ್ತದೆ. ರಕ್ತ ತಿರುಗಿ ಎದೆ ಹೊಟ್ಟೆಯ ಬೆಚ್ಚನೆಯ ಭಾಗಕ್ಕೆ ಬಂದಾಗ ಐಜಿಎಂ ಕಳಚಿಕೊಳ್ಳುತ್ತದೆ, ಸಿ3ಬಿ ಉಳಿಯುತ್ತದೆ. ಕಳಚಿದ ಐಜಿಎಂ ಮತ್ತೆ ಬೆರಳ ತುದಿಗೆ ಹೋಗಿ ಇನ್ನೊಂದು ಕಣವನ್ನು ಹಿಡಿಯುತ್ತದೆ. ಹೀಗೆ ಪ್ರತಿಕಾಯದ ಪ್ರಮಾಣ ಹೆಚ್ಚಿಲ್ಲದಿದ್ದರೂ ಹಾನಿ ದೊಡ್ಡದಾಗುತ್ತದೆ.

ಸಿ3ಬಿ ಹೊತ್ತ ಕಣಗಳನ್ನು ನುಂಗುವ ಕೆಲಸ ಮುಖ್ಯವಾಗಿ ಯಕೃತ್ತಿನ ಮ್ಯಾಕ್ರೊಫೇಜ್‌ಗಳಾದ ಕುಪ್ಫರ್ ಕೋಶಗಳದು. ಅಲ್ಲಿಂದ ತಪ್ಪಿಸಿಕೊಂಡ ಕಣಗಳ ಮೇಲಿನ ಸಿ3ಬಿ ಸವೆದು ಸಿ3ಡಿ ಆಗಿ ಉಳಿಯುತ್ತದೆ. ಕೋಂಬ್ಸ್ ಪರೀಕ್ಷೆಯಲ್ಲಿ ನಮಗೆ ಕಾಣುವುದು ಬದುಕಿ ಬಂದ ಆ ಕಣಗಳೇ. ಕಾಂಪ್ಲಿಮೆಂಟ್ ಸರಣಿ ಇನ್ನೂ ಮುಂದುವರಿದು ಕಣದ ಪೊರೆಯಲ್ಲಿ ರಂಧ್ರ ಕೊರೆದಾಗ ಹಿಮೋಗ್ಲೋಬಿನ್ ರಕ್ತಕ್ಕೆ ಸೋರಿ ಮೂತ್ರದಲ್ಲಿ ಹೊರಬರುತ್ತದೆ. ಇವರ ಮೂತ್ರ ಕೆಲವು ಬೆಳಿಗ್ಗೆ ಕಡುಗಂದಾಗುತ್ತಿದ್ದುದು ಇದರಿಂದ. ನಾಶದ ಜಾಗ ಗುಲ್ಮವಲ್ಲವಾದ್ದರಿಂದ ಗುಲ್ಮ ತೆಗೆದು ಪ್ರಯೋಜನವಿಲ್ಲ. ಸ್ಟೀರಾಯ್ಡ್‌ಗೆ ಬಗ್ಗುವವರು ಕೆಲವರೇ, ಅದೂ ಬಹುಕಾಲ ಮುಂದುವರಿಸಲಾಗದ ಪ್ರಮಾಣದಲ್ಲಿ. ಇವರ ಪ್ರೆಡ್ನಿಸೊಲೋನ್ ಅನ್ನು ಹಂತ ಹಂತವಾಗಿ ಇಳಿಸಿ ನಿಲ್ಲಿಸಲಾಯಿತು.

ಪ್ರತಿಕಾಯದ ಬಲವನ್ನು ಅಳೆಯಲು ಸೀರಮ್ ಅನ್ನು (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯನ್ನು) ಇಮ್ಮಡಿಯಾಗಿ ತೆಳು ಮಾಡುತ್ತಾ ಹೋಗಿ 4 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ. ಎಷ್ಟು ಪಟ್ಟು ತೆಳುವಾಗುವವರೆಗೂ ಕಣಗಳು ಗುಂಪುಗಟ್ಟುತ್ತವೆಯೋ ಆ ಅಂಕಿಯೇ ಟೈಟರ್. 64 ಅಥವಾ ಅದಕ್ಕೂ ಹೆಚ್ಚಿನ ಟೈಟರ್ ಇದ್ದರೆ ಕಾಯಿಲೆಯ ಮಾನದಂಡ ಮುಟ್ಟಿದಂತೆ. ಇವರದು 1024. ಅದಕ್ಕಿಂತ ಮುಖ್ಯವಾದದ್ದು, ಎಷ್ಟು ಉಷ್ಣತೆಯವರೆಗೆ ಅದು ಕಣವನ್ನು ಹಿಡಿಯುತ್ತದೆ ಎಂಬುದು. ಇವರ ಪ್ರತಿಕಾಯ 30 ಡಿಗ್ರಿಯಲ್ಲೂ ಹಿಡಿಯುತ್ತಿತ್ತು, 37ರಲ್ಲಿ ಬಿಡುತ್ತಿತ್ತು. ಆರೋಗ್ಯವಂತರ ರಕ್ತದಲ್ಲೂ ಇಂಥ ಪ್ರತಿಕಾಯಗಳು ಅಲ್ಪ ಪ್ರಮಾಣದಲ್ಲಿ ಇರುತ್ತವೆ. ಅವು ಮಂಜುಗಡ್ಡೆಯ ತಂಪಿನಲ್ಲಿ ಮಾತ್ರ ಕೆಲಸ ಮಾಡುವುದರಿಂದ ಯಾರಿಗೂ ತೊಂದರೆಯಿಲ್ಲ. ಲ್ಯಾಂಡ್‌ಸ್ಟೈನರ್ 1903ರಷ್ಟು ಹಿಂದೆಯೇ ಕಣಗಳನ್ನು ಗುಂಪುಗಟ್ಟಿಸುವ ಈ ತಂಪಿನ ಅಗ್ಲುಟಿನಿನ್‌ಗಳನ್ನು ಗುರುತಿಸಿದ್ದರು. ಪ್ರತಿಕಾಯ ಹಿಡಿಯುವುದು ಕೆಂಪು ಕಣದ ಮೇಲ್ಮೈಯಲ್ಲಿರುವ ಐ ಪ್ರತಿಜನಕ ಎಂಬ ಗುರುತನ್ನು. ಈ ಪ್ರತಿಜನಕ ನವಜಾತ ಶಿಶುಗಳಲ್ಲಿ ಪೂರ್ತಿ ಬೆಳೆದಿರುವುದಿಲ್ಲ. ಹಾಗಾಗಿ ಹೆರಿಗೆ ವಾರ್ಡಿನಿಂದ ಹೊಕ್ಕುಳ ಬಳ್ಳಿಯ ರಕ್ತ ತರಿಸಿ ಹೋಲಿಸಿದೆವು. ದೊಡ್ಡವರ ಕಣಗಳು ಗಟ್ಟಿಯಾಗಿ ಗುಂಪುಗಟ್ಟಿದರೆ ಶಿಶುವಿನ ಕಣಗಳು ಅದೇ ಸೀರಮ್‌ನಲ್ಲಿ ಬಹುತೇಕ ಬಿಡಿಬಿಡಿಯಾಗಿ ಉಳಿದವು.

ಈ ಪ್ರಕರಣದಲ್ಲಿ ಜೀವಕ್ಕೇ ಕುತ್ತು ತರಬಹುದಾಗಿದ್ದ ಒಂದು ಸಂಗತಿಯಿತ್ತು, ಅದು ರಕ್ತದ ಗುಂಪು. ಅವರ ಹಳೆಯ ಚೀಟಿಯೊಂದರಲ್ಲಿ ಎಬಿ ಪಾಸಿಟಿವ್ ಎಂದು ಬರೆದಿತ್ತು. ಗುಂಪು ಪತ್ತೆಗೆ ಆಂಟಿ-ಎ, ಆಂಟಿ-ಬಿ, ಆಂಟಿ-ಡಿ ಹನಿಗಳನ್ನು ಹಾಕಿ ಗುಂಪುಗಟ್ಟುವಿಕೆಯನ್ನೇ ನೋಡುತ್ತಾರೆ. ತಾವಾಗಿಯೇ ಗುಂಪುಗಟ್ಟುವ ಕಣಗಳಿಗೆ ಯಾವ ಹನಿ ಹಾಕಿದರೂ ಪಾಸಿಟಿವ್ ಬರುತ್ತದೆ, ಹೀಗಾಗಿ ಎಲ್ಲವೂ ಎಬಿ ಪಾಸಿಟಿವ್ ಎಂದು ತೋರುತ್ತದೆ. ಸೀರಮ್ ಬಳಸಿ ಮಾಡುವ ಹಿಮ್ಮುಖ ಪರೀಕ್ಷೆಯಲ್ಲಿ ಎ ಕಣ, ಬಿ ಕಣ, ಓ ಕಣ ಮೂರೂ ಗುಂಪುಗಟ್ಟಿದವು. ನಿಜವಾದ ಎಬಿ ವ್ಯಕ್ತಿಯ ಸೀರಮ್‌ನಲ್ಲಿ ಇವು ಯಾವುವೂ ಗುಂಪುಗಟ್ಟಬಾರದು. ಎರಡು ಪರೀಕ್ಷೆಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಗುಂಪನ್ನು ಘೋಷಿಸಲೇಬಾರದು. ಕಣಗಳನ್ನು 37 ಡಿಗ್ರಿಯ ಸಲೈನ್‌ನಲ್ಲಿ ಮತ್ತೆ ಮತ್ತೆ ತೊಳೆದು, ಸೀರಮ್ ಮತ್ತು ಪರೀಕ್ಷಾ ಕಣಗಳನ್ನು ಬೆಚ್ಚಗಿಟ್ಟು ತಿರುಗಿ ಮಾಡಿದಾಗ ಅವರ ಗುಂಪು ಬಿ ಪಾಸಿಟಿವ್ ಎಂದು ಸ್ಪಷ್ಟವಾಯಿತು. ಹಳೆಯ ಚೀಟಿಯನ್ನು ನಂಬಿ ಎಬಿ ರಕ್ತ ಹಾಕಿದ್ದರೆ, ಅವರ ಸಹಜ ಆಂಟಿ-ಎ ಪ್ರತಿಕಾಯ ಆ ಕಣಗಳನ್ನು ದೇಹದ ಉಷ್ಣತೆಯಲ್ಲೇ ಒಡೆದು ಹಾಕುತ್ತಿತ್ತು. ರಕ್ತಹೀನತೆ 5.8ರಲ್ಲಿದ್ದ ವಯಸ್ಸಾದ ಹೆಂಗಸಿಗೆ ಅದನ್ನು ತಡೆದುಕೊಳ್ಳುವ ಶಕ್ತಿ ಇರುತ್ತಿರಲಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತ್ಯಂತ ಗಂಭೀರ ಭಾಗ ಇದೇ.

ಮಲಗಿದ್ದಾಗಲೂ ಎದೆ ಹೊಡೆದುಕೊಳ್ಳುತ್ತಿದ್ದುದರಿಂದ ಅವರಿಗೆ ಬಿ ಪಾಸಿಟಿವ್ ಕೆಂಪು ಕಣಗಳ ಒಂದು ಚೀಲವನ್ನು ಕೊಡಲಾಯಿತು. ಹೊಂದಾಣಿಕೆ ಪರೀಕ್ಷೆಯನ್ನು ಬೆಚ್ಚಗಿನ ವಿಧಾನದಲ್ಲೇ ಮಾಡಿ, ರಕ್ತವನ್ನು ವಾರ್ಮರ್ ಯಂತ್ರದ ಮೂಲಕ ನಿಧಾನವಾಗಿ ಹರಿಸಲಾಯಿತು. ಕೋಣೆಗೆ ಹೀಟರ್ ಇಟ್ಟು, ಕೈಕಾಲುಗಳಿಗೆ ಉಣ್ಣೆಯ ಚೀಲ ತೊಡಿಸಲಾಯಿತು. ಫ್ರಿಜ್‌ನಿಂದ ಬಂದ ರಕ್ತದ ಚೀಲವನ್ನು ಬಿಸಿನೀರಿನ ಪಾತ್ರೆಯಲ್ಲಿ ಅದ್ದುವ ಅಭ್ಯಾಸ ಅಲ್ಲಲ್ಲಿ ಕಾಣುತ್ತದೆ, ಅದು ಅಪಾಯಕಾರಿ. 42 ಡಿಗ್ರಿ ದಾಟಿದರೆ ಚೀಲದೊಳಗೇ ಕಣಗಳು ಒಡೆಯುತ್ತವೆ. ಪ್ಲಾಸ್ಮಾವನ್ನು ಅನಗತ್ಯವಾಗಿ ಕೊಡಬಾರದು, ಏಕೆಂದರೆ ಅದರೊಂದಿಗೆ ಹೊಸ ಕಾಂಪ್ಲಿಮೆಂಟ್ ಪ್ರೋಟೀನುಗಳೂ ದೇಹ ಸೇರುತ್ತವೆ. ಕಣಗಳ ನಾಶ ನಡೆಯುತ್ತಿರುವಾಗ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುವುದರಿಂದ ಆಸ್ಪತ್ರೆಯಲ್ಲಿ ಇದ್ದಷ್ಟು ದಿನ ಹೆಪಾರಿನ್ ಕೊಟ್ಟರು, ದಿನಕ್ಕೊಂದು ಫೋಲಿಕ್ ಆಮ್ಲದ ಮಾತ್ರೆ ಆರಂಭಿಸಿದರು.

ಮುಂದಿನ ಪ್ರಶ್ನೆ, ಈ ಐಜಿಎಂ ಎಲ್ಲಿಂದ ಬರುತ್ತಿದೆ ಎಂಬುದು. ಮೈಕೊಪ್ಲಾಸ್ಮಾ ನ್ಯುಮೋನಿಯಾ ಅಥವಾ ಎಪ್ಸ್ಟೀನ್-ಬಾರ್ ವೈರಸ್ ಸೋಂಕಿನ ನಂತರ ಕೆಲವು ವಾರ ಇಂಥ ಪ್ರತಿಕಾಯ ಏರಿ, ತಾನಾಗಿಯೇ ಇಳಿಯುವುದುಂಟು. ಅಲ್ಲಿ ಬಿಳಿ ಕಣಗಳಲ್ಲಿ ಒಂದು ಬಗೆಯಾದ ಹಲವು ಬಿ ಲಿಂಫೊಸೈಟ್‌ಗಳು ಸೇರಿ ಪ್ರತಿಕಾಯ ತಯಾರಿಸುತ್ತವೆ. ಇವರಿಗೆ ಕೆಮ್ಮು ಜ್ವರ ಬಂದಿರಲಿಲ್ಲ, ಬೆರಳು ನೀಲಿಯಾಗಲು ಶುರುವಾಗಿ ಎರಡು ಚಳಿಗಾಲ ಕಳೆದಿದ್ದವು. ಆದ್ದರಿಂದ ಒಂದೇ ಬಿ ಲಿಂಫೊಸೈಟ್‌ನ ಸಂತತಿ ಹಬ್ಬಿ, ಒಂದೇ ಅಚ್ಚಿನ ಪ್ರತಿಕಾಯವನ್ನು ಸುರಿಸುತ್ತಿದೆ ಎಂಬ ಶಂಕೆ ಬಲವಾಯಿತು. ಸೀರಮ್‌ನ ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಪಟ್ಟಿಗಳಾಗಿ ಬೇರ್ಪಡಿಸುವ ಎಲೆಕ್ಟ್ರೊಫೊರೆಸಿಸ್‌ಗೆ ರಕ್ತ ತೆಗೆದ ಕ್ಷಣದಿಂದ ಸೀರಮ್ ಬೇರ್ಪಡಿಸುವ ತನಕ ಕೊಳವೆಯನ್ನು 37 ಡಿಗ್ರಿಯಲ್ಲೇ ಇಡಲಾಯಿತು. ಇಲ್ಲದಿದ್ದರೆ ಐಜಿಎಂ ಕಣಗಳಿಗೆ ಅಂಟಿ ಹೆಪ್ಪಿನೊಂದಿಗೆ ಕೆಳಗುಳಿದುಬಿಡುತ್ತದೆ, ಸೀರಮ್‌ನಲ್ಲಿ ಏನೂ ಇಲ್ಲವೆಂಬ ಸುಳ್ಳು ವರದಿ ಬರುತ್ತದೆ. ಫಲಿತಾಂಶದಲ್ಲಿ ಡೆಸಿಲೀಟರ್‌ಗೆ 0.6 ಗ್ರಾಂನಷ್ಟು ಒಂದೇ ಅಚ್ಚಿನ ಐಜಿಎಂ ಕಪ್ಪಾ (ಪ್ರತಿಕಾಯದ ಹಗುರ ಸರಪಳಿಯ ಒಂದು ಬಗೆ) ಪಟ್ಟಿ ಕಂಡಿತು.

ಮೂಳೆಮಜ್ಜೆಯ ಮಾದರಿಯನ್ನು ಬೆಂಗಳೂರಿಗೆ ಕಳುಹಿಸಿ, ಕೋಶಗಳ ಮೇಲ್ಮೈ ಗುರುತುಗಳನ್ನು ಪತ್ತೆಹಚ್ಚುವ ಫ್ಲೋ ಸೈಟೊಮೆಟ್ರಿ ಮಾಡಿಸಲಾಯಿತು. ಮಜ್ಜೆಯ ಕೋಶಗಳಲ್ಲಿ ಶೇ 8ರಷ್ಟು ಬಿ ಲಿಂಫೊಸೈಟ್‌ಗಳು ಸಿಡಿ19 ಮತ್ತು ಸಿಡಿ20 ಗುರುತು ಹೊತ್ತು, ಎಲ್ಲವೂ ಕಪ್ಪಾ ಸರಪಳಿಯನ್ನೇ ತೋರಿದವು. ಆರೋಗ್ಯವಂತರಲ್ಲಿ ಕಪ್ಪಾ, ಲ್ಯಾಂಬ್ಡಾ ಎರಡೂ ಬಗೆಯವು ಬೆರೆತಿರುತ್ತವೆ. ಒಂದೇ ಬಗೆ ಉಳಿದಿದೆ ಎಂದರೆ ಒಂದೇ ತಾಯಿಕೋಶದ ಸಂತತಿ ಎಂದರ್ಥ. ಐಜಿಎಂ ಸುರಿಸುವ ಒಂದು ಬಗೆಯ ರಕ್ತದ ಕ್ಯಾನ್ಸರ್ ಆದ ವಾಲ್ಡೆನ್‌ಸ್ಟ್ರಾಮ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಸಿಗುವ ಎಂವೈಡಿ88 ವಂಶವಾಹಿಯ ಬದಲಾವಣೆ ಇವರಲ್ಲಿ ಇರಲಿಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಎಲ್ಲೂ ಗಂಟುಗಳು ಕಾಣಲಿಲ್ಲ. ಹೀಗೆ ಪ್ರಾಥಮಿಕ ಕೋಲ್ಡ್ ಅಗ್ಲುಟಿನಿನ್ ಕಾಯಿಲೆ ಎಂಬ ನಿರ್ಣಯಕ್ಕೆ ಬರಲಾಯಿತು. ಹಿಂದೆ ಇದನ್ನು ಕಾರಣ ತಿಳಿಯದ ರಕ್ತನಾಶ ಎಂದು ಬರೆಯುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ರಕ್ತದ ಗಡ್ಡೆಗಳ ಐದನೇ ವರ್ಗೀಕರಣ ಇದನ್ನು ಬಿ ಕೋಶಗಳ ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿದೆ. ಇಂಥ ರೋಗಿಗಳ ಪ್ರತಿಕಾಯಗಳು ಬಹುಪಾಲು ಐಜಿಎಚ್‌ವಿ4-34 ಎಂಬ ಒಂದೇ ವಂಶವಾಹಿ ತುಂಡಿನಿಂದ ರೂಪುಗೊಂಡಿರುತ್ತವೆ, ಆ ತುಂಡಿಗೆ ಐ ಪ್ರತಿಜನಕವನ್ನು ಹಿಡಿಯುವ ಗುಣ ಹುಟ್ಟಿನಿಂದಲೇ ಇದೆ. ಕೆಂಪು ಕಣದಲ್ಲಿ ಯಾವ ದೋಷವೂ ಇಲ್ಲ, ದೋಷವಿರುವುದು ಅದನ್ನು ಹಿಡಿಯುವ ಅಣುವನ್ನು ತಯಾರಿಸುವ ಕೋಶದಲ್ಲಿ.

"ಹಾಗಾದ್ರೆ ಇದು ಕ್ಯಾನ್ಸರ್ರಾ ಸಾರ್?" ಎಂದು ಮಗ ಕೇಳಿದರು. ಸಂಖ್ಯೆಯಲ್ಲಿ ಸ್ವಲ್ಪವೇ ಇರುವ, ನಿಧಾನವಾಗಿ ಬೆಳೆಯುವ ಕೋಶಗಳಿವು. ಹೆಚ್ಚಿನವರಲ್ಲಿ ಇವು ಗಡ್ಡೆಯಾಗಿ ಹರಡುವುದಿಲ್ಲ, ಆದರೆ ಇವು ಸುರಿಸುವ ಪ್ರತಿಕಾಯದಿಂದ ತೊಂದರೆಯಾಗುತ್ತದೆ ಎಂದು ಚಿಕಿತ್ಸೆ ನೀಡಿದ ವೈದ್ಯರು ವಿವರಿಸಿದರು. ಇದಕ್ಕಿಂತ ಹೆಚ್ಚಿಗೆ ಹೆದರಿಸುವುದೂ ಕಡಿಮೆ ಹೇಳಿ ಸಮಾಧಾನ ಮಾಡುವುದೂ ಎರಡೂ ತಪ್ಪಾಗುತ್ತಿತ್ತು.

ಚಿಕಿತ್ಸೆಗೆ ರಿಟುಕ್ಸಿಮ್ಯಾಬ್ ಆರಿಸಲಾಯಿತು. ಇದು ಬಿ ಕೋಶದ ಸಿಡಿ20 ಗುರುತನ್ನು ಹಿಡಿದು ಆ ಕೋಶವನ್ನೇ ಕೊಲ್ಲುವ ಪ್ರತಿಕಾಯ. 1997ರಲ್ಲಿ ಅಮೆರಿಕದಲ್ಲಿ ಮೊದಲು ಅನುಮತಿ ಪಡೆದ ಈ ಔಷಧಿಯ ಭಾರತೀಯ ರೂಪವನ್ನು ಹೈದರಾಬಾದಿನ ಡಾ. ರೆಡ್ಡೀಸ್ ಸಂಸ್ಥೆ 2007ರಲ್ಲಿ ಮಾರುಕಟ್ಟೆಗೆ ತಂದಿತು. ನಂತರ ಇತರ ಕಂಪನಿಗಳದೂ ಬಂದವು. ತೋಟದ ಕಾರ್ಮಿಕ ಕುಟುಂಬವೊಂದು ಇದರ ಬಗ್ಗೆ ಯೋಚಿಸಲಾದರೂ ಸಾಧ್ಯವಾಗಿರುವುದು ಅದರಿಂದ. ಆರಂಭಿಸುವ ಮುನ್ನ ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯ. ಎಚ್‌ಬಿಎಸ್‌ಎಜಿ ಎಂಬ ವೈರಸ್‌ನ ಹೊರಮೈ ಪ್ರೋಟೀನ್ ಮಾತ್ರವಲ್ಲದೆ, ಹಿಂದೆ ಸೋಂಕು ಬಂದಿದ್ದನ್ನು ತೋರುವ ಕೋರ್ ಪ್ರತಿಕಾಯವನ್ನೂ ನೋಡಬೇಕು, ಏಕೆಂದರೆ ಎಂದೋ ಬಂದು ಅಡಗಿದ ವೈರಸ್ ಈ ಔಷಧಿಯ ನಂತರ ಎದ್ದು ಯಕೃತ್ತನ್ನು ಹಾಳು ಮಾಡಬಲ್ಲದು. ಎರಡೂ ನೆಗೆಟಿವ್ ಇದ್ದವು. ಅವರ ತೂಕ 46 ಕಿಲೋ, ದೇಹದ ಮೇಲ್ಮೈ 1.4 ಚದರ ಮೀಟರ್. ಚದರ ಮೀಟರ್‌ಗೆ 375 ಮಿಲಿಗ್ರಾಂ ಲೆಕ್ಕದಲ್ಲಿ 525 ಮಿಲಿಗ್ರಾಂ ಅನ್ನು ವಾರಕ್ಕೊಮ್ಮೆಯಂತೆ ನಾಲ್ಕು ಸಲ ಕೊಡಲಾಯಿತು. ಔಷಧಿ ಬೆರೆಸಿದ ಸಲೈನನ್ನೂ ತಣ್ಣಗಿರುವಾಗ ಹರಿಸಲಿಲ್ಲ. ಮೊದಲ ಸಲ ಸ್ವಲ್ಪ ನಡುಕ ಬಂತು. ಹರಿವನ್ನು ನಿಧಾನಗೊಳಿಸಿದಾಗ ಕಡಿಮೆಯಾಯಿತು.

ಈ ಔಷಧಿಯಿಂದ ಸುಮಾರು ಅರ್ಧದಷ್ಟು ರೋಗಿಗಳಿಗೆ ಗುಣ ಕಾಣುತ್ತದೆ, ಹೆಚ್ಚಿನವರಲ್ಲಿ ಅದು ಪೂರ್ಣ ಗುಣವಾಗಿರುವುದಿಲ್ಲ. ಬೆಂಡಮಸ್ಟಿನ್ ಎಂಬ ಕೀಮೋಥೆರಪಿ ಔಷಧಿಯ ಜೊತೆ ಸೇರಿಸಿದರೆ ಗುಣ ಕಾಣುವವರ ಪ್ರಮಾಣ ಮತ್ತು ಬಾಳಿಕೆ ಎರಡೂ ಹೆಚ್ಚುತ್ತವೆ. ಆದರೆ ಸೋಂಕಿನ ಅಪಾಯವೂ ಬಿಳಿ ಕಣಗಳ ಇಳಿಕೆಯೂ ಜೊತೆಗೇ ಬರುತ್ತವೆ. ಈ ವಯಸ್ಸಿನ, ಕೃಶ ದೇಹದ, ತೀವ್ರ ಆರೈಕೆಯ ಸೌಲಭ್ಯದಿಂದ ದೂರ ವಾಸಿಸುವ ರೋಗಿಗೆ ಮೊದಲ ಹೆಜ್ಜೆಯಾಗಿ ಒಂದೇ ಔಷಧಿ ಸಾಕು ಎಂಬ ತೀರ್ಮಾನ ಸರಿಯಾದದ್ದೆಂದು ನಾನು ಭಾವಿಸುತ್ತೇನೆ. ಕಾಂಪ್ಲಿಮೆಂಟ್‌ನ ಸಿ1ಎಸ್ ಎಂಬ ಭಾಗವನ್ನು ತಡೆಯುವ ಸುಟಿಮ್ಲಿಮ್ಯಾಬ್‌ಗೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದು ಕಣಗಳ ನಾಶವನ್ನು ಬೇಗ ನಿಲ್ಲಿಸುತ್ತದೆಯಾದರೂ ಐಜಿಎಂ ಹಾಗೆಯೇ ಉಳಿಯುವುದರಿಂದ ಬೆರಳು ನೀಲಿಯಾಗುವುದು ನಿಲ್ಲುವುದಿಲ್ಲ, ಕೊಡುವುದು ನಿಲ್ಲಿಸಿದರೆ ನಾಶ ಮರಳುತ್ತದೆ. ಅದರ ಬೆಲೆಯಂತೂ ಇಂಥ ಕುಟುಂಬಕ್ಕೆ ಎಟುಕುವಂಥದ್ದಲ್ಲ.

ಔಷಧಿಯಷ್ಟೇ ಮುಖ್ಯವಾದದ್ದು ದಿನಚರಿಯ ಬದಲಾವಣೆ. ಬೆಳಗಿನ ಇಬ್ಬನಿಯಲ್ಲಿ ಹಣ್ಣು ಕೊಯ್ಯುವ ಕೆಲಸ ಬೇಡವೆಂದು ತೋಟದ ರೈಟರ್‌ಗೆ ಚೀಟಿ ಬರೆದುಕೊಟ್ಟೆವು. ಹೊತ್ತು ಏರಿದ ಮೇಲೆ ಗೋದಾಮಿನಲ್ಲಿ ಬೀಜ ಆರಿಸುವ ಕೆಲಸಕ್ಕೆ ಅವರನ್ನು ಹಾಕಿದರು. ಸ್ನಾನಕ್ಕೆ, ಪಾತ್ರೆ ತೊಳೆಯುವುದಕ್ಕೆ ಬಿಸಿನೀರು, ತಲೆ ಕಿವಿ ಮುಚ್ಚುವ ಉಣ್ಣೆಯ ಟೋಪಿ, ಕೈಚೀಲ, ಕಾಲುಚೀಲ. ಮಳೆಗಾಲವನ್ನೂ ಚಳಿಗಾಲದಷ್ಟೇ ಎಚ್ಚರದಿಂದ ಕಳೆಯಬೇಕು, ಏಕೆಂದರೆ ಗಿರಿಯ ಕಡೆ ಜುಲೈ ತಿಂಗಳ ಗಾಳಿಮಳೆಯಲ್ಲಿ ನೆನೆದ ಬಟ್ಟೆ ಡಿಸೆಂಬರ್‌ನ ಚಳಿಗಿಂತ ಹೆಚ್ಚು ಮೈ ತಣ್ಣಗಾಗಿಸುತ್ತದೆ. ಇದನ್ನು ನಮಗೆ ಹೇಳಿಕೊಟ್ಟವರು ಸೊಸೆ. ಪಥ್ಯದ ತಂಪು ಪದಾರ್ಥಗಳನ್ನೂ ತಣ್ಣೀರಿನ ತಲೆಸ್ನಾನವನ್ನೂ ಬಿಡಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಕಣ್ಣು ಹಳದಿಯಾಗಿರುವಾಗ ಬಿಸಿನೀರು ಮೀಯುವುದು ಅವರಿಗೆ ತಪ್ಪೆಂದೇ ತೋರುತ್ತಿತ್ತು.

ಕೊನೆಯ ಡೋಸ್ ಆದ ತಿಂಗಳೊಪ್ಪತ್ತಿನಲ್ಲಿ ಹಿಮೋಗ್ಲೋಬಿನ್ ಮೇಲಕ್ಕೆ ಹೊರಳಿತು, ಮೂರನೇ ತಿಂಗಳ ಕೊನೆಗೆ 10.4ಕ್ಕೆ ಬಂತು. ಬಿಲಿರುಬಿನ್ 1.4ಕ್ಕೆ ಇಳಿಯಿತು. ಪ್ರತಿಕಾಯದ ಟೈಟರ್ 1024ರಿಂದ 256ಕ್ಕೆ ಬಂತು, ಸೊನ್ನೆಯಾಗಲಿಲ್ಲ. ಕೋಂಬ್ಸ್ ಪರೀಕ್ಷೆಯಲ್ಲಿ ಸಿ3ಡಿ ಇಂದಿಗೂ ಒಂದು ಪ್ಲಸ್ ಇದೆ. ಇದು ಭಾಗಶಃ ಗುಣ. ಮರುವರ್ಷದ ಚಳಿಗಾಲವನ್ನು ಅವರು ರಕ್ತ ಹಾಕಿಸಿಕೊಳ್ಳದೆ ಕಳೆದರು. ಆಗ ಹಿಮೋಗ್ಲೋಬಿನ್ 10.1 ಇತ್ತು, ಮೂತ್ರ ಕಂದಾಗಲಿಲ್ಲ, ಬೆರಳುಗಳು ಕೆಲವು ಬೆಳಿಗ್ಗೆ ಈಗಲೂ ನೀಲಿಗಟ್ಟುತ್ತವೆ.

ಅವರ ಬಳಿ ಕನ್ನಡದಲ್ಲಿ ಬರೆದು ಪ್ಲಾಸ್ಟಿಕ್ ಹೊದಿಸಿದ ಒಂದು ಕಾರ್ಡ್ ಇದೆ. ರಕ್ತದ ಗುಂಪು ಬಿ ಪಾಸಿಟಿವ್, ಹಳೆಯ ಎಬಿ ಚೀಟಿ ತಪ್ಪು ಎಂಬುದು ಅದರ ಮೊದಲ ಸಾಲು. ರಕ್ತದ ಮಾದರಿಯನ್ನು ಐಸ್ ಪೆಟ್ಟಿಗೆಯಲ್ಲಿ ಇಡದೆ ಬೆಚ್ಚಗಿನ ನೀರು ತುಂಬಿದ ಫ್ಲಾಸ್ಕಿನಲ್ಲಿ ಕಳುಹಿಸಬೇಕು, ಹೊಂದಾಣಿಕೆ ಪರೀಕ್ಷೆಯನ್ನು 37 ಡಿಗ್ರಿಯಲ್ಲಿ ಮಾಡಬೇಕು, ಯಾವುದೇ ಶಸ್ತ್ರಚಿಕಿತ್ಸೆಯಾದರೂ ದೇಹ ತಣ್ಣಗಾಗಲು ಬಿಡಬಾರದು ಎಂದು ಮುಂದಿನ ಸಾಲುಗಳಿವೆ. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ವರ್ಷಕ್ಕೊಮ್ಮೆ ಐಜಿಎಂ ಪಟ್ಟಿಯ ಅಳತೆ ನಡೆಯುತ್ತಿದೆ. ಹಿಮೋಗ್ಲೋಬಿನ್ 9ಕ್ಕಿಂತ ಕೆಳಗಿಳಿದರೆ ಅಥವಾ ಏರು ಹತ್ತುವಾಗ ಏದುಸಿರು ಮರಳಿದರೆ ರಿಟುಕ್ಸಿಮ್ಯಾಬ್ ಅನ್ನು ಇನ್ನೊಮ್ಮೆ ಕೊಡುವುದು, ಆಗಲೂ ಸಾಲದಿದ್ದರೆ ಮಜ್ಜೆಯನ್ನು ತಿರುಗಿ ಪರೀಕ್ಷಿಸಿ ಬೆಂಡಮಸ್ಟಿನ್ ಬಗ್ಗೆ ಕುಟುಂಬದವರೊಂದಿಗೆ ಚರ್ಚಿಸುವುದು ಎಂದು ಅವರ ಕಡತದಲ್ಲಿ ನಮೂದಿಸಲಾಗಿದೆ.